ಕೆಂಪಿ ಇಲ್ಲದ ಹಿತ್ತಿಲು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆ. ಆರು ವರ್ಷ ನಮ್ಮೊಂದಿಗಿದ್ದ ಕೆಂಪಿ ಎಂಬ ನಾಟಿ ಹೇಂಟೆ ಕಳೆದ ತಿಂಗಳ ಜಡಿಮಳೆಯಲ್ಲಿ ಸತ್ತುಹೋಯಿತು. ಎರಡು ವರ್ಷದಿಂದ ಅದು ಮೊಟ್ಟೆ ಇಡುತ್ತಿರಲಿಲ್ಲವಾದರೂ ಪ್ರತಿದಿನ ಬೆಳಿಗ್ಗೆ ಹಿಂಬಾಗಿಲ ಹೊಸ್ತಿಲನ್ನು ಕೊಕ್ಕಿನಿಂದ ಕುಟ್ಟಿ, ನಾನು ಅಕ್ಕಿನುಚ್ಚು ಹಾಕುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಕೊನೆಯ ದಿನಗಳಲ್ಲಿ ಅದರ ಹೊಟ್ಟೆ ಊದಿಕೊಂಡು, ಮೈಯನ್ನು ನೆಟ್ಟಗೆ ಎತ್ತಿ ಕಾಲು ಅಗಲಿಸಿ ನಡೆಯುತ್ತಿತ್ತು. ಮಳೆ ಬಿಟ್ಟ ಮೇಲೆ ಪಶುವೈದ್ಯರಿಗೆ ತೋರಿಸೋಣವೆಂದು ಮೂರು ದಿನ ತಳ್ಳಿದೆ. ನಾಲ್ಕನೆಯ ಬೆಳಿಗ್ಗೆ ಒಡ್ಡಿ (ಕೋಳಿಗೂಡು) ತೆಗೆದಾಗ ಅದರ ಮೈ ತಣ್ಣಗಾಗಿತ್ತು. ‘ಹಬ್ಬಕ್ಕೆ ಕೋಳಿ ಕೊಯ್ಯುವವರು ಕೋಳಿ ಸತ್ತಿತೆಂದು ಅಳುವುದುಂಟೇ’ ಎಂದು ನೆಂಟರು ನಕ್ಕ ಮೇಲೆ ಈ ವಿಷಯವನ್ನು ಯಾರ ಬಳಿಯೂ ಎತ್ತಿಲ್ಲ. ನನ್ನ ಉದಾಸೀನದಿಂದಲೇ ಅದು ಸತ್ತಿತೇ? ಈಗ ಅದರ ಮಗಳಾದ ಒಂದು ಕರಿ ಹೇಂಟೆ ಮತ್ತು ಹುಂಜ ಉಳಿದಿವೆ. ಸಂತೆಯಿಂದ ಬೇರೆ ಕೋಳಿ ತರೋಣವೆಂದು ಯಜಮಾನರು ಹೇಳುತ್ತಿದ್ದಾರೆ, ನನಗೆ ಮನಸ್ಸಿಲ್ಲ.

ಉತ್ತರ: ಮೊದಲು ನಿಮ್ಮನ್ನು ಹೆಚ್ಚು ಕೊರೆಯುತ್ತಿರುವ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಕೋಳಿಯನ್ನು ನೋಡದೆ ಕಾಯಿಲೆ ಇಂಥದೇ ಎಂದು ಹೇಳಲಾಗದು. ಆದರೆ ವಯಸ್ಸಾದ ಹೇಂಟೆ ಹೊಟ್ಟೆ ಊದಿ ನೆಟ್ಟಗೆ ನಿಂತು ನಡೆಯುವುದು ಸಾಮಾನ್ಯವಾಗಿ ಹೊಟ್ಟೆಯಲ್ಲಿ ನೀರು ತುಂಬಿದಾಗ, ಮೊಟ್ಟೆಯ ಹಳದಿ ಭಾಗ ಹೊರದಾರಿ ಹಿಡಿಯದೆ ಒಳಗೇ ಬಿದ್ದು ಕೀವಾದಾಗ ಅಥವಾ ಅಂಡಾಶಯದಲ್ಲಿ ಗೆಡ್ಡೆ ಬೆಳೆದಾಗ. ಅಂಡಾಶಯದ ಕ್ಯಾನ್ಸರ್ ಹೇಂಟೆಗಳಲ್ಲಿ ತಾನಾಗಿಯೇ ಬರುವ ರೋಗವಾದ್ದರಿಂದ ವಿಜ್ಞಾನಿಗಳು ಹೆಂಗಸರ ಆ ಕಾಯಿಲೆಯನ್ನು ಅರಿಯಲೂ ಹೇಂಟೆಯನ್ನೇ ಅಭ್ಯಾಸ ಮಾಡುತ್ತಾರೆ. ಇವೆಲ್ಲ ಮೂರು ದಿನದಲ್ಲಿ ಹುಟ್ಟುವ ರೋಗಗಳಲ್ಲ. ನೋವನ್ನು ತೋರಿಸಿಕೊಂಡ ಹಕ್ಕಿ ಬೇಟೆಯ ಪ್ರಾಣಿಗೆ ಮೊದಲ ತುತ್ತಾಗುತ್ತದೆ, ಗುಂಪಿನಲ್ಲಿಯೂ ಕುಕ್ಕಿಸಿಕೊಳ್ಳುತ್ತದೆ. ಆದ್ದರಿಂದ ಕೋಳಿ ಕೊನೆಯವರೆಗೂ ಕಾಯಿಲೆಯನ್ನು ಮುಚ್ಚಿಡುತ್ತದೆ. ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಬಹಳ ಮುಂದುವರಿದಿದ್ದಿರಬೇಕು. ವೈದ್ಯರು ನೀರು ತೆಗೆದು ಸಂಕಟ ಕಡಿಮೆ ಮಾಡಬಹುದಿತ್ತೇನೋ, ಗುಣವಾಗುವುದು ಅಪರೂಪ. ಹಿತ್ತಿಲ ಕೋಳಿಗಳು 5ರಿಂದ 8 ವರ್ಷ ಬದುಕುತ್ತವೆ. ನರಿ, ಕಬ್ಬೆಕ್ಕು, ಮುಂಗುಸಿಗಳ ನಡುವೆ ಕೆಂಪಿ ಆರು ವರ್ಷ ಬಾಳಿದ್ದು ನೀವು ಪ್ರತಿ ಸಂಜೆ ಮರೆಯದೆ ಒಡ್ಡಿ ಮುಚ್ಚಿದ್ದರಿಂದ.

ಇನ್ನು ನೆಂಟರ ಮಾತು. ಹಬ್ಬಕ್ಕೆ ಕೋಳಿ ಕೊಯ್ಯುತ್ತಿದ್ದ ನಮ್ಮ ಮನೆಯಲ್ಲಿಯೂ ತಾಯಿ ಒಂದು ಬಿಳಿ ಹೇಂಟೆಯನ್ನು ತೋರಿಸಿ, ‘ಅದರ ಸುದ್ದಿಗೆ ಹೋಗಬೇಡಿ’ ಎನ್ನುತ್ತಿದ್ದರು, ಯಾರೂ ಕಾರಣ ಕೇಳುತ್ತಿರಲಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹೀಗೆ ಉಳಿಸಿಕೊಂಡ ಒಂದಾದರೂ ಜೀವ ಇದ್ದೇ ಇರುತ್ತದೆ. ಕೋಳಿಗಳು ತಮ್ಮ ಗುಂಪಿನವರನ್ನು ಮುಖ, ಜುಟ್ಟು ನೋಡಿ ಗುರುತಿಸುತ್ತವೆ, ದಿನವೂ ಕಾಳು ಹಾಕುವವರನ್ನು ಬೇರೆಯವರಿಂದ ಬೇರ್ಪಡಿಸಿ ಅರಿಯುತ್ತವೆ. ಹೊಸ್ತಿಲು ಕುಟ್ಟುತ್ತಿದ್ದುದು ಯಾವುದೋ ಒಂದು ಕೋಳಿಯಲ್ಲ, ನಿಮ್ಮನ್ನು ಬಲ್ಲ ಕೆಂಪಿ. ಅದಕ್ಕಾಗಿ ಅಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಕ್ಕವರ ಮುಂದೆ ಆಡದಿದ್ದರೂ ಯಜಮಾನರ ಮುಂದೆ ಆಡಿ. ಬೇರೆ ಕೋಳಿ ತರುವ ಮಾತನ್ನು ಅವರು ನಿಮ್ಮ ಮಂಕು ಮುಖ ನೋಡಲಾರದೆಯೇ ಎತ್ತಿರಬಹುದು. ಬೆಳಿಗ್ಗೆಯ ಆ ಹೊತ್ತು ಕೆಲವು ವಾರ ಭಾರವಾಗಿಯೇ ಇರುತ್ತದೆ. ನುಚ್ಚಿನ ಬಟ್ಟಲನ್ನು ಎತ್ತಿಡಬೇಡಿ; ಅದೇ ಹೊತ್ತಿಗೆ ಅದೇ ಹೊಸ್ತಿಲಲ್ಲಿ ಕರಿ ಹೇಂಟೆಗೂ ಹುಂಜಕ್ಕೂ ಹಾಕಿ. ಜೊತೆಯ ಹಕ್ಕಿ ಇಲ್ಲವಾದಾಗ ಉಳಿದವು ಕೆಲವು ದಿನ ಮಂಕಾಗುವುದುಂಟು. ಅವು ಮೇವು ಬಿಟ್ಟರೆ, ಹಸಿರು ಹಿಕ್ಕೆ ಹಾಕಿದರೆ, ಕತ್ತು ತಿರುಚಿದರೆ ಮಾತ್ರ ಕೊಕ್ಕರೆ ರೋಗದ (ಕೋಳಿಗಳಲ್ಲಿ ಬೇಗ ಹರಡುವ ರಾಣಿಖೇತ್ ರೋಗದ) ಅನುಮಾನವಿರುವುದರಿಂದ ಮಳೆ ಬಿಡುವುದನ್ನು ಕಾಯದೆ ವೈದ್ಯರಿಗೆ ತಿಳಿಸಿ.

ಸಂತೆಯ ಕೋಳಿಗೆ ಈಗ ಅವಸರ ಬೇಡವೆಂದೇ ನನಗೂ ಅನಿಸುತ್ತದೆ. ಮುಂದೆ ತಂದರೂ ಲಸಿಕೆ ಆಗಿದೆಯೇ ಎಂದು ವಿಚಾರಿಸಿ, ಮೂರು ನಾಲ್ಕು ವಾರ ಬೇರೆ ಒಡ್ಡಿಯಲ್ಲಿಟ್ಟು ನೋಡಿದ ನಂತರವೇ ಉಳಿದವುಗಳೊಂದಿಗೆ ಬಿಡಿ. ಅದಕ್ಕಿಂತ, ನಿಮ್ಮಲ್ಲಿ ಕೆಂಪಿಯ ಮಗಳೇ ಇದ್ದಾಳೆ. ಮಳೆಗಾಲದ ಥಂಡಿ ಕಳೆದ ಮೇಲೆ ಅದು ಕಾವಿಗೆ ಬಂದಾಗ ಅದರದೇ ಎಂಟು ಹತ್ತು ಮೊಟ್ಟೆಗಳನ್ನು ಒಣಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಕೂರಿಸಿ. ಮರಿಯಾಗಲು 21 ದಿನ ಬೇಕು. ಅದಕ್ಕೆ ಒಂದೆರಡು ದಿನ ಮೊದಲು ಸದ್ದಿಲ್ಲದ ಹೊತ್ತಿನಲ್ಲಿ ಬುಟ್ಟಿಯ ಹತ್ತಿರ ಕುಳಿತರೆ, ತಾಯಿ ಮೆಲ್ಲಗೆ ಗುಟುಗುಟು ಎನ್ನುವುದೂ ಒಡೆಯದ ಚಿಪ್ಪಿನೊಳಗಿಂದ ಮರಿಗಳು ಓಗೊಡುವುದೂ ನಿಮಗೆ ಕೇಳಿಸುತ್ತದೆ.