ಓರಗಿತ್ತಿಯ ಮಾತು ಪತ್ರದ ಕೊನೆಗೇಕೆ ಬಂತು?

ದಾವಣಗೆರೆ ವಿನೋಬನಗರದ ಓದುಗರೊಬ್ಬರು ಬರೆದಿದ್ದಾರೆ: "ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಬೆಳಿಗ್ಗೆ ಮೊಬೈಲಿನಲ್ಲಿ ದಿನದ ವಾಕ್ಯ ಓದುತ್ತೇನೆ. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸಲು ಹೊರಟು ಯಾಜಕಕಾಂಡದಲ್ಲೇ ನಿಂತಿದ್ದೇನೆ. ಪ್ರಾರ್ಥನೆ ಬಾಯಿಪಾಠದ ಹಾಗಾಗಿದೆ. ಭಕ್ತಿ ಆಳವಾಗಲು 21 ದಿನ ಉಪವಾಸ ಪ್ರಾರ್ಥನೆ ಮಾಡಲೇ? ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತೀನಿ. ಮನೆ ಪಾಲಿನ ವಿಷಯಕ್ಕೆ ಓರಗಿತ್ತಿಯ ಜೊತೆ ಮಾತಿಲ್ಲ. ಅದು ಬೇರೆ ವಿಷಯ, ಬಿಡಿ."

ಪ್ರಿಯ ಸಹೋದರಿ,

ಬಿಡಲು ಆಗುತ್ತಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಆ ಕೊನೆಯ ಸಾಲು.

ಸುಲಭದ್ದನ್ನು ಮೊದಲು ಮುಗಿಸೋಣ. ಯಾಜಕಕಾಂಡವನ್ನು ಸದ್ಯ ಪಕ್ಕಕ್ಕಿಡಿ. ಅದರಲ್ಲಿರುವ ಬಲಿಯ ನಿಯಮಗಳನ್ನೆಲ್ಲ, ತಿಳಿದವರ ಸಹಾಯವಿಲ್ಲದೆ ಓದಿದರೆ ಯಾರಿಗಾದರೂ ದಾರಿ ತಪ್ಪುತ್ತದೆ. ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ದಿನಕ್ಕೆ ಒಂದು ಘಟನೆ ಸಾಕು, ಜಾಸ್ತಿ ಬೇಡ. ಮಾತೇ ಬರದ ದಿನ 13ನೇ ಕೀರ್ತನೆ ತೆಗೆಯಿರಿ. ನನ್ನನ್ನು ಎಷ್ಟು ದಿನ ಮರೆತಿರುತ್ತೀ ಎಂದು ದೇವರನ್ನೇ ಕೇಳುವ ಸಲಿಗೆ ಅಲ್ಲಿದೆ.

ಮಾರ್ಕನ ಮೊದಲ ಅಧ್ಯಾಯದಲ್ಲೇ ನಿಮಗೆ ಬೇಕಾದದ್ದು ಸಿಗುತ್ತದೆ. ಸಂಜೆ ಕಪೆರ್ನೌಮ್ ಎಂಬ ಊರಿಗೆ ಊರೇ ರೋಗಿಗಳನ್ನು ಕರೆತಂದು, ಯೇಸು ಇದ್ದ ಮನೆಯ ಬಾಗಿಲ ಮುಂದೆ ನಿಂತಿದೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬದ ಜನಸಂದಣಿ ನೋಡಿದವರಿಗೆ ಆ ಬಾಗಿಲು ಹೇಗಿದ್ದಿರಬಹುದು ಎಂದು ಹೇಳಬೇಕಿಲ್ಲ. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ಒಂಟಿಯಾಗಿ ಪ್ರಾರ್ಥಿಸಲು ಹೋಗುತ್ತಾನೆ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಕೇಳುತ್ತಿದ್ದಾರೆ ಎನ್ನುತ್ತಾನೆ. ಯೇಸುವಿನ ಉತ್ತರ ನೋಡಿ: ಬೇರೆ ಊರುಗಳಿಗೆ ಹೋಗೋಣ. ಬೆಳಗಿನ ಪ್ರಾರ್ಥನೆ ಆ ದಿನದ ನಡೆಯನ್ನೇ ತಿರುಗಿಸಿಬಿಟ್ಟಿತು. ನಮ್ಮ ಪ್ರಾರ್ಥನೆ ಮುಗಿದ ಮೇಲೆ ಏನಾದರೂ ತಿರುಗುತ್ತದಾ? ನಿಮಿಷ ಲೆಕ್ಕ ಹಾಕುವುದಕ್ಕಿಂತ ಈ ಪ್ರಶ್ನೆ ಕಷ್ಟದ್ದು.

ಈಗ ಓರಗಿತ್ತಿ. ಮತ್ತಾಯ 5ನೇ ಅಧ್ಯಾಯದ 23, 24ನೇ ವಚನ ನಿಮಗೆ ಗೊತ್ತಿರುತ್ತದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನೊಂದಿಗೆ ಒಂದಾಗು. ನಾವು ಓಡಿಸಿ ಓದುವ ಭಾಗ ಇನ್ನೊಂದಿದೆ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದೆ. ತಪ್ಪು ಯಾರದು ಎಂದು ತೀರ್ಮಾನವಾಗುವವರೆಗೆ ಕಾಯುವ ಅವಕಾಶವೇ ಇಲ್ಲ, ಅಲ್ವಾ? (ಪ್ರಸಂಗಗಳಲ್ಲಿ ಇದು ಕಡಿಮೆ ಬರುತ್ತದೆ. ಎರಡೂ ಕಡೆಯವರು ಎದುರಿಗೇ ಕೂತಿರುತ್ತಾರಲ್ಲ.)

ಹಾಗಂತ ಪಾಲು ಬಿಟ್ಟುಕೊಡಿ ಎನ್ನುತ್ತಿಲ್ಲ. ಕಾಗದ ಪತ್ರ ವಕೀಲರು, ಹಿರಿಯರು ನೋಡಿಕೊಳ್ಳಲಿ. ನೀವು ಹೋಗಿ ಮನೆಯ ಮಾತೇ ಎತ್ತದೆ, "ನನ್ನ ಮಾತಿನಿಂದ ನಿಮಗೆ ನೋವಾಗಿದೆ, ಕ್ಷಮಿಸಿ" ಎನ್ನಿ. ಅವರು ಬಾಗಿಲು ಹಾಕಿಕೊಂಡರೂ ಹಾಕಿಕೊಳ್ಳಬಹುದು. ನಿಮ್ಮಿಂದಾಗುವ ಮಟ್ಟಿಗೆ ಎಲ್ಲರೊಂದಿಗೂ ಸಮಾಧಾನದಿಂದಿರಿ ಎಂದೇ ಪೌಲನೂ ರೋಮದವರಿಗೆ ಬರೆದದ್ದು. ಆಚೆಯವರು ಏನು ಮಾಡುತ್ತಾರೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಒಬ್ಬರೇ ಇದನ್ನು ಮಾಡುವುದು ಕಷ್ಟ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ. ನಿಮ್ಮ ಸ್ತ್ರೀಯರ ಕೂಟದಲ್ಲಿ ಗುಟ್ಟು ಬಿಟ್ಟುಕೊಡದ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ. "ಹೋದ ವಾರ ಹೇಳಿದ್ದು ಮಾಡಿದೆಯಾ?" ಎಂದು ಕೇಳುವ ಹಕ್ಕನ್ನು ಅವರಿಗೆ ಕೊಡಿ. ವಾಟ್ಸಾಪ್ ಗುಂಪು ಈ ಕೆಲಸ ಮಾಡುವುದಿಲ್ಲ. ಅಲ್ಲಿ ಕೈ ಮುಗಿದ ಚಿತ್ರ ಹಾಕಿ ಸುಮ್ನೆ ತಪ್ಪಿಸಿಕೊಳ್ಳಬಹುದು.

ಇನ್ನು ಉಪವಾಸ. ಬೈಬಲಿನ ಯೆಶಾಯ ಪ್ರವಾದಿಯ ಪುಸ್ತಕದ 58ನೇ ಅಧ್ಯಾಯ ಓದಿ ನಿರ್ಧರಿಸಿ. ಉಪವಾಸವಿದ್ದುಕೊಂಡೇ ಜಗಳವಾಡುವವರನ್ನು ಪ್ರವಾದಿ ಅಲ್ಲಿ ಚೆನ್ನಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಮಾತ್ರೆ ತೆಗೆದುಕೊಳ್ಳುವವರು ನೀವು, ಡಾಕ್ಟರನ್ನು ಕೇಳದೆ ಒಂದು ಹೊತ್ತಿನ ಊಟವನ್ನೂ ಬಿಡಬೇಡಿ. ಅವರು ಬೇಡವೆಂದರೆ ರಾತ್ರಿಯ ಧಾರಾವಾಹಿಯನ್ನು 21 ದಿನ ಬಿಟ್ಟು ನೋಡಿ. ನಮ್ಮನೆಯಲ್ಲಿ ಅದು ಊಟ ಬಿಟ್ಟದ್ದಕ್ಕಿಂತ ಕಷ್ಟವಾಯಿತು.

- ಸಂಪಾದಕ