ಚೆನ್ನಾಗಿರುವ ಲೈನನ್ನೇ ಯಾಕೆ ಆಫ್ ಮಾಡ್ತಾರೆ?

ಪ್ರಶ್ನೆ: ನಮ್ಮ ಭಾವ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್. ಮೊನ್ನೆ ಮೇಲಿನಿಂದ ಫೋನ್ ಬಂತು ಅಂತ, ಯಾವ ರಿಪೇರಿಯೂ ಇಲ್ಲದ ಲೈನನ್ನು ಆಫ್ ಮಾಡಿದರಂತೆ. ಕೇಳಿದರೆ 'ಗ್ರಿಡ್ ಸೇಫಾಗಿರಲಿ ಅಂತ' ಅಂದರು. ಇರೋ ದಾರಿ ಮುಚ್ಚಿದರೆ ಸೇಫ್ ಹೇಗಾಗುತ್ತೆ ಸರ್?
– ಓದುಗರು, ಮುಳಬಾಗಿಲು

ಉತ್ತರ: ನಿಮ್ಮ ಭಾವ ಹೇಳಿದ್ದು ನಿಜ. ಕೆರೆ ನೀರಾದರೆ ಈ ಕಾಲುವೆಗೆ ಇಷ್ಟು, ಆ ಕಾಲುವೆಗೆ ಇಷ್ಟು ಅಂತ ನೀರುಗಂಟಿ ಬಿಡುತ್ತಾನೆ. ಎಸಿ ಗ್ರಿಡ್‌ನಲ್ಲಿ (ದಿಕ್ಕು ಬದಲಾಯಿಸುತ್ತಾ ಹರಿಯುವ ಕರೆಂಟಿನ ಲೈನ್‌ಗಳ ಜಾಲದಲ್ಲಿ) ಹಾಗೆ ಅಳೆದು ಬಿಡುವುದು ಕಷ್ಟ. ತಡೆ ಕಡಿಮೆ ಇರುವ ಲೈನಿಗೆ ಕರೆಂಟ್ ಜಾಸ್ತಿ ನುಗ್ಗುತ್ತದೆ, ಆ ಲೈನ್ ಅಷ್ಟನ್ನು ತಾಳುತ್ತೋ ಇಲ್ವೋ ಅದಕ್ಕೆ ಗೊತ್ತಿಲ್ಲ.

ಒಂದು ಲೆಕ್ಕ ನೋಡಿ. 300 ಮೆಗಾವಾಟ್ ಹೋಗಬೇಕು, ಒಂದು ಚಿಕ್ಕ ಲೈನ್, ಒಂದು ದೊಡ್ಡ ಲೈನ್ ಇವೆ. ಚಿಕ್ಕದರ ತಡೆ ದೊಡ್ಡದರ ಅರ್ಧ. ಆಗ ಚಿಕ್ಕದಕ್ಕೆ 200, ದೊಡ್ಡದಕ್ಕೆ 100. ಚಿಕ್ಕದು ತಾಳುವುದು 150 ಮಾತ್ರ, ದೊಡ್ಡದು 350 ತಾಳುತ್ತೆ ಅಂದುಕೊಳ್ಳಿ. ಚಿಕ್ಕದನ್ನು ತೆಗೆದುಬಿಟ್ಟರೆ ಪೂರ್ತಿ 300 ದೊಡ್ಡದರಲ್ಲೇ ಆರಾಮಾಗಿ ಹೋಗುತ್ತದೆ. ಹೊಸ ಟವರ್ ಬೇಡ, ಖರ್ಚೂ ಇಲ್ಲ.

ಆದರೆ ಉಳಿದ ಆ ಒಂದು ಲೈನೂ ಟ್ರಿಪ್ ಆದರೆ, ಅಂದರೆ ತಾನಾಗಿಯೇ ಆಫ್ ಆಗಿಬಿಟ್ಟರೆ? ಅದಕ್ಕೇ ಸ್ವಿಚ್ ಮುಟ್ಟುವ ಮುಂಚೆ, ಇನ್ನೊಂದು ಲೈನೋ ಜನರೇಟರೋ ಹೋದರೂ ಮಿಕ್ಕಿದ್ದು ನಿಲ್ಲುತ್ತಾ ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಇದಕ್ಕೆ 'ಎನ್ ಮೈನಸ್ ಒನ್' ಅಂತಾರೆ. ಈ ಲೆಕ್ಕ ಮಾತ್ರ ಯಾವತ್ತೂ ಬಿಡಬಾರದು. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆದಾಗ ಸುತ್ತಮುತ್ತ ಹಲವು ಲೈನ್‌ಗಳು ಮೊದಲೇ ಆಫ್ ಆಗಿದ್ದವು. ಉತ್ತರ ಭಾರತವೇ ಕತ್ತಲಾಯಿತು. ಮಾರನೇ ದಿನ ಮತ್ತೆ ಅದೇ ಕಥೆ, ಸುಮಾರು 60 ಕೋಟಿ ಜನಕ್ಕೆ ಕರೆಂಟ್ ಇರಲಿಲ್ಲ.

ನಿಮ್ಮ ಕೋಲಾರಕ್ಕೆ ಒಡಿಶಾದ ತಾಲ್ಚೇರ್‌ನಿಂದ ಬರುವ ಲೈನ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್), ಅದರಲ್ಲಿ ಎಷ್ಟು ಹರಿಸಬೇಕು ಅಂತ ನಾವೇ ಹೇಳಬಹುದು. ಆದರೆ ಅದು ತಟ್ಟನೆ ನಿಂತರೆ 2000 ಮೆಗಾವಾಟ್‌ಗೂ ಜಾಸ್ತಿ ಭಾರ ಎಸಿ ಲೈನ್‌ಗಳ ತಲೆ ಮೇಲೆ ಬೀಳಬಹುದು. ಹಾಗಾಗಿ ಬೆಳಿಗ್ಗೆ ಸರಿಯಿದ್ದ ಲೆಕ್ಕ ಸಂಜೆಗೆ ಸರಿ ಇರುತ್ತೆ ಅಂತಿಲ್ಲ.

ರಾತ್ರಿ ಕಾರಣ ಬೇರೆ. ಲೋಡ್ ಕಡಿಮೆ ಇದ್ದಾಗ ಉದ್ದದ ಲೈನ್‌ಗಳಲ್ಲಿ ವೋಲ್ಟೇಜ್ ಏರುತ್ತದೆ, ಅದನ್ನು ಇಳಿಸೋಕೂ ಒಂದೆರಡನ್ನು ತೆಗೆಯುತ್ತಾರೆ.

ಭಾವನವರು ತೆಗೆಯುವಾಗ ಮೊದಲು ಬ್ರೇಕರ್ (ಹರಿಯುತ್ತಿರುವ ಕರೆಂಟನ್ನು ಕಡಿಯುವ ಸ್ವಿಚ್), ಆಮೇಲೆ ಐಸೊಲೇಟರ್ (ಕರೆಂಟ್ ನಿಂತ ಮೇಲೆ ಲೈನನ್ನು ಬೇರೆ ಮಾಡುವ ಸ್ವಿಚ್). ಹಾಕುವಾಗ ಮೊದಲು ಐಸೊಲೇಟರ್, ಕೊನೆಗೆ ಬ್ರೇಕರ್. ತಪ್ಪಿದರೆ ಐಸೊಲೇಟರ್ ಬಾಯಲ್ಲೇ ಬೆಂಕಿ ಏಳುತ್ತದೆ.