ಲೈಟಿಗೂ ಟಿವಿಗೂ 'ಓಪನ್' ಎನ್ನುವ ಚೀನಾದ ಗೆಳತಿಗೆ ಹೇಗೆ ಹೇಳಿಕೊಡಲಿ?

ನಿಮ್ಮ ರೂಮಿನಲ್ಲಿರುವ ಚೀನಾದ ಹುಡುಗಿ ಲೈಟು, ಟಿವಿ, ಏಸಿ ಎಲ್ಲದಕ್ಕೂ 'ಓಪನ್' ಎನ್ನುತ್ತಾಳೆ, ಎಷ್ಟು ತಿದ್ದಿದರೂ ಮರುದಿನ ಮತ್ತೆ ಅದೇ, ಏನು ಮಾಡಲಿ ಎಂದು ಕೇಳಿದ್ದೀರಿ. ಓದಿದ ಕೂಡಲೇ ಶೆನ್‌ಝೆನ್‌ನ ದಿನಗಳು ನೆನಪಾದವು. ಅಲ್ಲಿ ಕೆಲಸದಲ್ಲಿದ್ದಾಗ ಸಂಜೆ ಹೊತ್ತು ಆಫೀಸಿನ ಗೆಳೆಯರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತಿದ್ದೆ, ಅವರು ನನಗೆ ಚೀನೀ ಕಲಿಸುತ್ತಿದ್ದರು. ಈ ಒಂದು ಪದದ ಜೊತೆ ಎರಡೂ ಕಡೆಯವರು ಸಾಕಷ್ಟು ಗುದ್ದಾಡಿದ್ದೇವೆ.

ಅವಳಿಗೆ ಓಪನ್ ಅಂದರೇನು ಅಂತ ಗೊತ್ತಿಲ್ಲ ಎಂದುಕೊಳ್ಳಬೇಡಿ. ಶಾಲೆಯಲ್ಲಿ ಅವಳು ಕಲಿತದ್ದು 'ಓಪನ್ ಅಂದರೆ ಕಾಯ್' ಅಂತ. ಆ ಕಾಯ್ ಇದೆಯಲ್ಲ, ಅದರ ಹರವು ತುಂಬಾ ದೊಡ್ಡದು. ಬಾಗಿಲು ತೆರೆದರೆ ಕಾಯ್. ಲೈಟ್ ಹಾಕಿದರೂ ಕಾಯ್. ಕಾರು ಓಡಿಸುವುದು, ಮೀಟಿಂಗ್ ಮಾಡುವುದು, ಹೂವು ಅರಳುವುದು, ಡಾಕ್ಟರು ಔಷಧಿ ಬರೆದುಕೊಡುವುದು, ತಮಾಷೆ ಮಾಡುವುದು, ಎಲ್ಲದರಲ್ಲೂ ಅದೇ ಕಾಯ್. ನೀರು ಕುದಿ ಬಂದರೆ 'ಶ್ವೇ ಕಾಯ್ ಲ' ಎನ್ನುತ್ತಾರೆ. ನಮ್ಮ 'ನೀರು ಕಾಯ್ತು' ಎಷ್ಟು ಹತ್ತಿರ ಬಂತು ನೋಡಿ! ಎರಡಕ್ಕೂ ಸಂಬಂಧ ಏನಿಲ್ಲ, ಆದರೆ ನನಗೆ ಆ ಪದ ಮರೆಯದೆ ಉಳಿದದ್ದು ಇದರಿಂದಲೇ.

ಒಮ್ಮೆ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. 'ಐ ಆಮ್ ಓಪನಿಂಗ್ ದ ಕಾರ್' ಎಂದ. ಕಾರಿನ ಬಾಗಿಲು ತೆಗೆಯುತ್ತಿದ್ದಾನೆ, ಇನ್ನೂ ಹೊರಟಿಲ್ಲ ಅಂದುಕೊಂಡು ಸುಮ್ನೆ ಮಾತಾಡುತ್ತಾ ಹೋದೆ. ಹಿಂದಿನಿಂದ ಹಾರ್ನ್ ಕೇಳಿದಾಗಲೇ ಗೊತ್ತಾಗಿದ್ದು, ಅವನು ಹೈವೇಯಲ್ಲಿ ಕಾರು ಓಡಿಸುತ್ತಿದ್ದ. ಕೂಡಲೇ ಫೋನ್ ಇಟ್ಟೆ. ಆವತ್ತು ರಾತ್ರಿ ಕೂತು ಈ ಪದವನ್ನು ಸರಿಯಾಗಿ ಹೇಳಿಕೊಡಲೇಬೇಕು ಅಂತ ತೀರ್ಮಾನ ಮಾಡಿದೆ.

ನನಗೆ ದಾರಿ ತೋರಿಸಿದ್ದು ನಮ್ಮ 'ಹಾಕು'. ಬಟ್ಟೆ ಹಾಕು, ಬಾಗಿಲು ಹಾಕು, ಬೀಗ ಹಾಕು, ಫ್ಯಾನ್ ಹಾಕು. ನನ್ನ ಚಿಕ್ಕಂದಿನಲ್ಲಿ 'ಪುಟ್ ದ ಫ್ಯಾನ್' ಎನ್ನದ ಮಕ್ಕಳೇ ನಮ್ಮ ಕ್ಲಾಸಿನಲ್ಲಿ ಇರಲಿಲ್ಲ. ಕಾರಣ ಒಂದೇ ಅಲ್ವಾ? ನಿಮ್ಮ ಗೆಳತಿಗೆ ಇದನ್ನು ಮೊದಲು ಹೇಳಿ. ತಪ್ಪು ತನ್ನೊಬ್ಬಳದೇ ಅಲ್ಲ ಅಂತ ಗೊತ್ತಾದರೆ ಅರ್ಧ ಸಂಕೋಚ ಹೋಗುತ್ತದೆ.

ಆಮೇಲೆ ಒಂದು ಹಾಳೆ ಕೊಟ್ಟು, ಕಾಯ್ ಅಕ್ಷರದ ಹಳೇ ರೂಪ ಬರೆಯಲು ಹೇಳಿ. ತೈವಾನ್, ಹಾಂಗ್‌ಕಾಂಗ್‌ನಲ್ಲಿ ಈಗಲೂ ಅದೇ ಬಳಕೆಯಲ್ಲಿದೆ, ಅವಳಿಗೂ ಗೊತ್ತಿರುತ್ತದೆ. ಅದರಲ್ಲಿ ಎರಡು ಕದದ ಒಂದು ಬಾಗಿಲು ಇದೆ. ಚೀನಾದಲ್ಲಿ ಅಕ್ಷರಗಳನ್ನು ಸರಳ ಮಾಡಿದಾಗ ಆ ಬಾಗಿಲನ್ನು ತೆಗೆದುಬಿಟ್ಟರು. ಇಂಗ್ಲಿಷಿನ ಓಪನ್‌ನಲ್ಲಿ ಆ ಬಾಗಿಲು ಇನ್ನೂ ಹಾಗೇ ಇದೆ ಅಂತ ಹೇಳಿ. ಮುಚ್ಚಿದ್ದನ್ನು ಬಿಚ್ಚುವ ಹಾಗಿದ್ದರೆ ಓಪನ್: ಪೆಟ್ಟಿಗೆ, ಬಾಟಲಿ, ಕಣ್ಣು, ಪುಸ್ತಕ, ಫೈಲು. ಕರೆಂಟಿನಲ್ಲಿ ನಡೆಯುವಂಥದ್ದಕ್ಕೆ ಟರ್ನ್ ಆನ್. 'ಓಪನ್ ದ ಟಿವಿ' ಅಂದರೆ ಇಂಗ್ಲಿಷಿನವರ ಕಣ್ಣಿಗೆ ಬರುವುದು ಸ್ಕ್ರೂ ಡ್ರೈವರ್ ಹಿಡಿದು ಟಿವಿಯ ಹಿಂದಿನ ಮುಚ್ಚಳ ಬಿಚ್ಚುತ್ತಿರುವ ಮೆಕ್ಯಾನಿಕ್. ನನ್ನ ಗೆಳೆಯರಿಗೆ ಈ ಚಿತ್ರ ಹೇಳಿದ ಮೇಲೆ ಟಿವಿ ವಿಷಯದಲ್ಲಿ ತಪ್ಪು ಬಹಳ ಕಡಿಮೆಯಾಯಿತು. ಕಾರಿಗೆ ಡ್ರೈವ್, ಮೀಟಿಂಗಿಗೆ ಹ್ಯಾವ್. ಇವೆರಡನ್ನು ಬಾಯಿಪಾಠ ಮಾಡಿಸಿದರೆ ಸಾಕು. ಬ್ಯಾಂಕ್ ಅಕೌಂಟು, ಹೊಸ ಅಂಗಡಿ ಇಂಥವಕ್ಕೆ ಕಾಯ್ ಮತ್ತು ಓಪನ್ ಸರಿಯಾಗಿ ಹೊಂದುತ್ತವೆ, ಅವನ್ನು ಮುಟ್ಟಲು ಹೋಗಬೇಡಿ.

ಇದಕ್ಕಿಂತ ಜಾಸ್ತಿ ಕಾಡುವುದು ಬೇರೆ ಇದೆ. ಅಂಗಡಿ ತೆರೆದಿದೆ ಎನ್ನಲು 'ದ ಶಾಪ್ ಈಸ್ ಓಪನ್' ಎನ್ನಬೇಕು. ಆದರೆ ಮುಚ್ಚಿದೆ ಎನ್ನುವಾಗ 'ಕ್ಲೋಸ್ಡ್', ಕೊನೆಯ ಡಕಾರ ಬೇಕೇ ಬೇಕು. ಒಂದಕ್ಕೆ ಬಾಲ ಇಲ್ಲ, ಇನ್ನೊಂದಕ್ಕೆ ಇದೆ. ಚೀನೀ ಕ್ರಿಯಾಪದಗಳು ಹೀಗೆ ರೂಪ ಬದಲಿಸುವುದೇ ಇಲ್ಲ. ಹಾಗಾಗಿ 'ಈಸ್ ಓಪನ್ಡ್' ಅಂತಲೂ 'ಈಸ್ ಕ್ಲೋಸ್' ಅಂತಲೂ ಬರೆಯುತ್ತಾರೆ. 'ದ ಬ್ಯಾಂಕ್ ಈಸ್ ಕ್ಲೋಸ್' ಅಂತ ಮೆಸೇಜ್ ಬಂದರೆ ಓದಿದವರು ಬ್ಯಾಂಕು ಹತ್ತಿರದಲ್ಲೇ ಇದೆ ಅಂದುಕೊಂಡು ನಡೆದುಕೊಂಡು ಹೋಗಿಬಿಡಬಹುದು!

ನಿಯಮ ಹೇಳಿ ಇದು ಹೋಗುವುದಿಲ್ಲ. ದಿನಾ ಸಂಜೆ ರೂಮಿನಲ್ಲಿ ಸ್ವಿಚ್ಚು, ಕಿಟಕಿ, ಫ್ರಿಜ್ಜು ಒಂದೊಂದನ್ನೇ ಕೈಯಿಂದ ಮುಟ್ಟುತ್ತಾ ಅವಳ ಬಾಯಲ್ಲೇ ಹೇಳಿಸಿ. ಫ್ರಿಜ್ಜಿಗೆ ಎರಡೂ ಪದ ಬೇಕು, ಅದನ್ನು ಕೊನೆಗೆ ಇಟ್ಟುಕೊಳ್ಳಿ: ಬಾಗಿಲಿಗೆ ಓಪನ್, ಸ್ವಿಚ್ಚಿಗೆ ಟರ್ನ್ ಆನ್.